ಬೆಳಗಾವಿಯ ಓಟಗಾರನೂ ನಮ್ಮ ಹೋಟೆಲಿನ ಹುಡುಗನೂ

ಆಗಸ್ಟ್ ತಿಂಗಳ ಒಂದು ಭಾನುವಾರ ನಸುಕಿನಲ್ಲಿ ನಮ್ಮ ಹೈದರಾಬಾದ್ ನಗರದ ರಸ್ತೆಗಳಲ್ಲಿ ಸಹಸ್ರಾರು ಸ್ತ್ರೀಪುರುಷರು ಓಡುವ ನೋಟವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. 2011ರಲ್ಲಿ ಆರಂಭವಾದ ಹೈದರಾಬಾದ್ ಮ್ಯಾರಥಾನ್ ಓಟವಿದು. ಹುಸೇನ್ ಸಾಗರದ ದಂಡೆಯ ನೆಕ್ಲೆಸ್ ರಸ್ತೆಯಿಂದ ಹೊರಟವರು ಮೇಲ್ಸೇತುವೆಗಳನ್ನು ಹತ್ತಿಳಿದು ಗಚ್ಚಿಬೌಲಿಯ ಕ್ರೀಡಾಂಗಣವನ್ನು ಮುಟ್ಟಬೇಕು. ಪೂರ್ಣ ಓಟದ ದೂರ 42 ಕಿಲೋಮೀಟರ್ 195 ಮೀಟರ್. ನಮ್ಮವರಲ್ಲಿ ಹೆಚ್ಚಿನವರು ಇದನ್ನು ನೋಡುವುದು ಹೋಟೆಲಿನ ಬಾಗಿಲಲ್ಲಿ ನಿಂತು, ಮೇಜು ಒರಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ. "ಇವರಿಗೆ ಬೇರೆ ಕೆಲಸವಿಲ್ಲವೆ?" ಎಂದು ನಗುವವರೂ ಉಂಟು.

ಓಡುವವರಲ್ಲಿ ಬಹುಮಂದಿಗೆ ಬೇರೆ ಕೆಲಸವಿದೆ. ಅವರು ಆರೋಗ್ಯಕ್ಕಾಗಿ, ಉಲ್ಲಾಸಕ್ಕಾಗಿ ಓಡುವವರು. ಆದರೆ ಎಲ್ಲರಿಗಿಂತ ಮುಂದೆ, ಕಣ್ಣು ಮಿಟುಕಿಸುವುದರೊಳಗೆ ಸಾಗಿಹೋಗುವ ಕೆಲವೇ ಕೃಶಕಾಯರಿಗೆ ಓಟವೇ ಕೆಲಸ, ಓಟವೇ ಅನ್ನ. ಅವರ ಬಾಳಿನ ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ. ಅದಕ್ಕೆ ಕಾರಣವೂ ಇದೆ. ಭಾರತದ ಪರವಾಗಿ ಒಲಿಂಪಿಕ್ ಮ್ಯಾರಥಾನನ್ನು ಮೊತ್ತಮೊದಲು ಓಡಿ ಮುಗಿಸಿದವನು ನಮ್ಮ ಬೆಳಗಾವಿಯವನು.

ಆತನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮ್ಖಾನದ ಕ್ರೀಡೋತ್ಸವದಲ್ಲಿ ಹಳ್ಳಿಯ ರೈತ ಮಕ್ಕಳು ಬರಿಗಾಲಿನಲ್ಲಿ ದೂರದೂರ ಓಡುವುದನ್ನು ಸರ್ ದೊರಾಬ್ಜಿ ಟಾಟಾ ಅವರು ಕಂಡರು. ಸರಿಯಾದ ಶಿಕ್ಷಣ ದೊರೆತರೆ ಇವರು ಯೂರೋಪಿನವರೊಡನೆ ಓಡಬಲ್ಲರೆಂದು ಅವರಿಗೆ ತೋರಿತು. ತಮ್ಮ ಹಣವನ್ನೂ ತೊಡಗಿಸಿ 1920ರಲ್ಲಿ ಒಂದು ಚಿಕ್ಕ ತಂಡವನ್ನು ಬೆಲ್ಜಿಯಮ್ ದೇಶದ ಆಂಟ್ವರ್ಪ್ ನಗರಕ್ಕೆ ಕಳುಹಿಸಿದರು. ಆ ವರ್ಷದ ಆಗಸ್ಟ್ 22ರಂದು ನಡೆದ ಓಟದ ದೂರ 42.75 ಕಿಲೋಮೀಟರ್, ಇಂದಿನ ನಿಶ್ಚಿತ ದೂರ ಆಗಿನ್ನೂ ಕಾಯಂ ಆಗಿರಲಿಲ್ಲ. ಫಿನ್ಲೆಂಡಿನ ಕೊಲೆಮೈನನ್ 2 ಗಂಟೆ 32 ನಿಮಿಷಗಳಲ್ಲಿ ಓಡಿ ಗೆದ್ದನು. ಚೌಗುಲೆ 2 ಗಂಟೆ 50 ನಿಮಿಷಗಳಲ್ಲಿ ಓಡಿ ಹತ್ತೊಂಬತ್ತನೆಯವನಾದನು. ಪರದೇಶ, ಪರಭಾಷೆ, ಒಗ್ಗದ ಆಹಾರ ಇವುಗಳ ನಡುವೆ ಜಗತ್ತಿನ ಘಟಾನುಘಟಿಗಳೊಡನೆ ಓಡಿ ಪಡೆದ ಆ ಸ್ಥಾನವನ್ನು ಅಲ್ಪವೆಂದು ಯಾರು ತಾನೆ ಹೇಳಿಯಾರು? ಆದರೂ ಈ ಹೆಸರನ್ನು ಬಲ್ಲ ಕನ್ನಡಿಗರು ಎಷ್ಟು ಮಂದಿ?

ಆ ಕಾಲದಲ್ಲಿ ಓಟದಿಂದ ಹಣ ಗಳಿಸುವುದು ಅಪರಾಧವಾಗಿತ್ತು. ಹಣ ಪಡೆದನೆಂಬ ಆರೋಪದ ಮೇಲೆ ಪಾವೋ ನುರ್ಮಿಯಂಥ ಮಹಾ ಓಟಗಾರನನ್ನೇ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಹೊರಗಿಟ್ಟರು. ಉಳ್ಳವರಿಗೆ ಈ ನಿಯಮ ಭೂಷಣವಾಗಿತ್ತು. ಕೂಲಿ ಮಾಡಿ ಉಣ್ಣುವವನಿಗೆ ಅದು ಮುಚ್ಚಿದ ಬಾಗಿಲಾಗಿತ್ತು. 1980ರ ದಶಕದಲ್ಲಿ ನಿಯಮಗಳು ಸಡಿಲಗೊಂಡವು. ಬಾಸ್ಟನ್ ನಗರದ ಹಳೆಯ ಮ್ಯಾರಥಾನ್ ಕೂಡ 1986ರಲ್ಲಿ ನಗದು ಬಹುಮಾನವನ್ನು ಆರಂಭಿಸಿತು. ಅಂದಿನಿಂದ ಓಟವು ಬಹಿರಂಗವಾಗಿಯೇ ಒಂದು ಕಸುಬಾಯಿತು.

ಈ ಕಸುಬು ಎಂಥದು? ನಾಮಾಂಕಿತ ಓಟಗಾರನೊಬ್ಬ ವಾರಕ್ಕೆ 160ರಿಂದ 200 ಕಿಲೋಮೀಟರ್ ಓಡುತ್ತಾನೆ. ಇಲ್ಲಿಂದ ಬೀದರಿಗೆ ಓಡಿಹೋಗಿ ಇನ್ನೂ ಮುಂದಕ್ಕೆ ಸಾಗಿದಷ್ಟು ದೂರ, ವಾರ ವಾರವೂ. ಇದರಲ್ಲಿ ಹೆಚ್ಚಿನ ಪಾಲು ನಿಧಾನದ ಓಟ. ವಾರದಲ್ಲಿ ಎರಡು ದಿನ ಮಾತ್ರ ಉಸಿರು ಕಟ್ಟುವಂಥ ವೇಗ. ಒಂದು ದಿನ 30 ಕಿಲೋಮೀಟರಿಗೂ ಮೀರಿದ ದೀರ್ಘ ಓಟ. ಎರಡು ಕಾಲು ಗಂಟೆಯಲ್ಲಿ ಮ್ಯಾರಥಾನ್ ಮುಗಿಸಬೇಕಾದರೆ ಪ್ರತಿ ಕಿಲೋಮೀಟರನ್ನೂ 3 ನಿಮಿಷ 12 ಸೆಕೆಂಡುಗಳಲ್ಲಿ ದಾಟಬೇಕು, ಅದೂ ನಲವತ್ತೆರಡು ಸಲ ಒಂದೇ ಸಮನೆ. ಸೈಕಲ್ ಸವಾರರಲ್ಲೂ ಅನೇಕರಿಗೆ ಈ ವೇಗ ಸಾಧ್ಯವಿಲ್ಲ. ಪ್ರಾಣವಾಯು ವಿರಳವಾದ ಎತ್ತರದ ಸ್ಥಳಗಳಲ್ಲಿ ದುಡಿದರೆ ರಕ್ತದ ಕೆಂಪು ಕಣಗಳು ಹೆಚ್ಚುತ್ತವೆ. ಆದಕಾರಣ ಕೀನ್ಯಾದವರು 2400 ಮೀಟರ್ ಎತ್ತರದ ಇಟೆನ್ ಎಂಬ ಊರಿನಲ್ಲಿಯೂ ನಮ್ಮವರು ಉದಕಮಂಡಲದಲ್ಲಿಯೂ ಅಭ್ಯಾಸ ನಡೆಸುತ್ತಾರೆ.

ಇವರ ಊಟದ ವಿಷಯ ನಮ್ಮ ಅಡಿಗೆ ಭಟ್ಟರಿಗೆ ರುಚಿಸೀತು. ಕೀನ್ಯಾದ ಓಟಗಾರರ ನಿತ್ಯದ ಆಹಾರ ಮೆಕ್ಕೆಜೋಳದ ಹಿಟ್ಟಿನ ಉಗಾಲಿ. ನೋಡಿದರೆ ನಮ್ಮ ಮುದ್ದೆಯ ದಾಯಾದಿ. ದೂರದ ಓಟಕ್ಕೆ ಬೇಕಾದುದು ಪಿಷ್ಟ. ಅನ್ನ, ಇಡ್ಲಿ, ರಾಗಿ ಇವೆಲ್ಲವೂ ಅದನ್ನೇ ಒದಗಿಸುತ್ತವೆ. ದೇಹವು ಕೂಡಿಟ್ಟ ಪಿಷ್ಟದ ದಾಸ್ತಾನು ಸುಮಾರು 30 ಕಿಲೋಮೀಟರಿಗೆ ಬರಿದಾಗತೊಡಗುತ್ತದೆ. ಆಗ ಕಾಲು ಕಲ್ಲಾಗುತ್ತದೆ, ಬುದ್ಧಿ ಮಂಕಾಗುತ್ತದೆ. ಉಳಿದ ಹನ್ನೆರಡು ಕಿಲೋಮೀಟರಿನಲ್ಲಿಯೇ ನಿಜವಾದ ಪರೀಕ್ಷೆ. ನಮ್ಮ ನಗರದ ಆಗಸ್ಟ್ ಹವೆಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಮೈಯ ಕಾವು ಇಳಿಯುವುದಿಲ್ಲ. ಹೀಗಿರುವಾಗ ನೀರಿನ ಜೊತೆಗೆ ಉಪ್ಪನ್ನೂ ಕೊಳ್ಳದೆ ಬರಿಯ ನೀರನ್ನೇ ಮಿತಿಮೀರಿ ಕುಡಿದವನು ಪ್ರಾಣಾಪಾಯಕ್ಕೆ ಒಳಗಾಗುವುದೂ ಉಂಟು.

ಇನ್ನು ಸಂಪಾದನೆಯ ಮಾತು. ಒಬ್ಬ ಓಟಗಾರ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಮ್ಯಾರಥಾನುಗಳನ್ನು ಮಾತ್ರ ಪೂರ್ಣ ಶಕ್ತಿಯಿಂದ ಓಡಬಲ್ಲನು. ಹೋಟೆಲು ನಡೆಸಿ ಬಲ್ಲ ನಾವು ಇದನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ವರ್ಷದಲ್ಲಿ ಎರಡೇ ದಿನ ಬಾಗಿಲು ತೆರೆದು, ಆ ಎರಡು ದಿನಗಳ ಗಲ್ಲೆಯಿಂದಲೇ ವರ್ಷದ ಬಾಡಿಗೆ, ದಿನಸಿ, ಸಂಬಳ ಎಲ್ಲವನ್ನೂ ತೆರಬೇಕಾದ ವ್ಯಾಪಾರವಿದು. ಆ ದಿನ ಜ್ವರ ಬಂದರೆ, ಕಾಲು ಉಳುಕಿದರೆ, ವರ್ಷದ ದುಡಿಮೆ ಮಣ್ಣುಪಾಲು. 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿಲೋಮೀಟರ್ ಓಟದಂಥ ದೊಡ್ಡ ಸ್ಪರ್ಧೆಗಳಲ್ಲಿ ಡಾಲರುಗಳ ಬಹುಮಾನವಿದೆ. ಆದರೆ ಮೊದಲ ಸ್ಥಾನಗಳನ್ನು ಹೆಚ್ಚಾಗಿ ಪೂರ್ವ ಆಫ್ರಿಕಾದವರೇ ಕೊಂಡೊಯ್ಯುತ್ತ ಬಂದಿದ್ದಾರೆ.

ಆದುದರಿಂದ ಭಾರತದಲ್ಲಿ ಓಟಗಾರನನ್ನು ಸಾಕಿದುದು ಮುಖ್ಯವಾಗಿ ನೌಕರಿ. ಬಿಹಾರದ ಶಿವನಾಥ ಸಿಂಗ್ ಸೈನ್ಯದಲ್ಲಿದ್ದರು. ಬರಿಗಾಲಿನಲ್ಲಿ ಓಡುವುದಕ್ಕೆ ಹೆಸರಾದ ಆತ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹನ್ನೊಂದನೆಯವರಾದರು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಡಿ ಸ್ಥಾಪಿಸಿದ ಅವರ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳಿಗೂ ಮೀರಿ ಅಚಲವಾಗಿ ನಿಂತಿತು. ಸೈನ್ಯದ ರೇಶನ್ನು, ನಿಶ್ಚಿತವಾದ ಸಂಬಳ, ಓಡಲು ಬಿಡುವು ಇವು ಇಲ್ಲದಿದ್ದರೆ ಆ ಪ್ರತಿಭೆ ಹೊಲದ ಬದುವಿನಲ್ಲಿಯೇ ಸವೆದುಹೋಗುತ್ತಿತ್ತು. ನಮ್ಮ ಕಾಲದಲ್ಲಿಯೂ ಕನ್ನಡ ನಾಡಿನ ಕಾಲು ಸೋತಿಲ್ಲ: ಕೊಡಗಿನ ಎ. ಬಿ. ಬೆಳ್ಳಿಯಪ್ಪನವರು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮ್ಯಾರಥಾನಿನಲ್ಲಿ ಭಾರತದ ಪರವಾಗಿ ಓಡಿದರು.

ಬೇಗ ಗೆಲ್ಲುವ ಆಸೆಗೆ ಅಡ್ಡದಾರಿಯೂ ಇದೆ. ರಕ್ತದ ಕಣಗಳನ್ನು ಹೆಚ್ಚಿಸುವ ಚುಚ್ಚುಮದ್ದುಗಳನ್ನು, ಹೆಸರಿಲ್ಲದ ಪುಡಿಗಳನ್ನು ಬಡ ಹುಡುಗರ ಕೈಗೆ ಕೊಡುವವರಿದ್ದಾರೆ. ಇದರಿಂದ ರಕ್ತ ಗಟ್ಟಿಯಾಗಿ ಹೃದಯಕ್ಕೆ ಅಪಾಯ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ನಾಲ್ಕು ವರ್ಷಗಳವರೆಗೆ ನಿಷೇಧ. ಓಟಗಾರನ ಉತ್ತಮ ಕಾಲವೇ ಹತ್ತು ಹನ್ನೆರಡು ವರ್ಷ. ಅದರಲ್ಲಿ ನಾಲ್ಕು ಹೋದರೆ ಉಳಿಯುವುದೇನು?

ಇಷ್ಟನ್ನೂ ಹೇಳಿದುದು ಕೇವಲ ಕೌತುಕಕ್ಕಾಗಿ ಅಲ್ಲ. ನಮ್ಮ ಹೋಟೆಲುಗಳಲ್ಲಿ ದುಡಿಯುವ ಹುಡುಗರು ಎಲ್ಲಿಂದ ಬಂದವರು? ಘಟ್ಟದ ಕೆಳಗಿನ ಏರುತಗ್ಗುಗಳಲ್ಲಿ, ಬೀದರ, ಕಲಬುರ್ಗಿ, ರಾಯಚೂರುಗಳ ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವರು. ದಿನವಿಡೀ ನಿಂತು, ನಡೆದು, ಲೋಟ ತಟ್ಟೆ ಹೊತ್ತು ಅವರ ಕಾಲುಗಳು ಪಳಗಿವೆ. ಇವರಲ್ಲಿ ಒಬ್ಬ ಚೌಗುಲೆ ಇಲ್ಲವೆಂದು ಯಾರು ಬಲ್ಲರು? ಆದರೆ ಒಂದು ವಿಪರ್ಯಾಸವಿದೆ. ಓಟಗಾರ ಅಭ್ಯಾಸಕ್ಕೆ ಹೊರಡುವ ಬೆಳಗಿನ ನಾಲ್ಕೂವರೆಯ ವೇಳೆಗೆ ನಮ್ಮ ಹುಡುಗ ಒಲೆ ಹೊತ್ತಿಸಿ ಇಡ್ಲಿ ಪಾತ್ರೆ ಏರಿಸುತ್ತಾನೆ. ಓಟಗಾರನಿಗೆ ದಿನಕ್ಕೆ ಎಂಟು ಒಂಬತ್ತು ಗಂಟೆ ನಿದ್ದೆ ಬೇಕು. ನಮ್ಮ ಹುಡುಗ ಹಾಸಿಗೆ ಬಿಡಿಸುವುದೇ ಹನ್ನೊಂದರ ಮೇಲೆ.

ಆದುದರಿಂದ ಮಾಲಿಕ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ನಿಮ್ಮಲ್ಲಿ ಯಾವನಾದರೂ ಹುಡುಗ ಓಡುವ ಹಂಬಲವುಳ್ಳವನಿದ್ದರೆ ಅವನಿಗೆ ಬೆಳಗಿನ ಪಾಳಿಯನ್ನು ತಪ್ಪಿಸಿ ಮಧ್ಯಾಹ್ನದ ಪಾಳಿಯನ್ನು ಕೊಡಿ. "ಒಬ್ಬನಿಗೆ ಕೊಟ್ಟರೆ ನಾಳೆ ಹತ್ತು ಮಂದಿ ಕೇಳುತ್ತಾರೆ, ಬೆಳಗಿನ ತಿಂಡಿಗೆ ಗತಿಯೇನು?" ಎಂಬ ಪ್ರಶ್ನೆ ನಮಗೆ ಅಪರಿಚಿತವಲ್ಲ. ಆದರೆ ಮುಂಬಯಿಯಲ್ಲಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ತೆರೆದಾಗ ಹುಡುಗರಿಗೆ ಬಿಡುವು ಕೊಟ್ಟ ಮಾಲಿಕರಿದ್ದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರು ಗುಮಾಸ್ತರಾದರು, ವಕೀಲರಾದರು, ತಾವೇ ಮಾಲಿಕರಾದರು. ಅದರಿಂದ ಯಾವ ಹೋಟೆಲೂ ಮುಚ್ಚಲಿಲ್ಲ. ಓದಿಗೆ ಸಂದ ನ್ಯಾಯ ಓಟಕ್ಕೂ ಸಲ್ಲಲಿ.

ಹುಡುಗರಿಗೂ ಒಂದು ಮಾತು: ಬಹುಮಾನದ ಕನಸು ಕಂಡು ಕೈಯಲ್ಲಿರುವ ಕೆಲಸವನ್ನು ಬಿಡಬೇಡಿ. ಸೈನ್ಯ, ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಅವಕಾಶಗಳಿವೆ. ಆ ದಾರಿಗೆ ಶಾಲೆಯ ಸರ್ಟಿಫಿಕೇಟೂ ಬೇಕು, ಕಾಲ ಮಿತಿಯೊಳಗೆ ಓಡಿ ತೋರಿಸುವ ಶಕ್ತಿಯೂ ಬೇಕು. ಮೊದಲು ವಾರಕ್ಕೆ ಮೂರು ದಿನ ಮಾತಾಡಿಕೊಂಡೇ ಓಡುವಷ್ಟು ನಿಧಾನವಾಗಿ ಓಡಿ. ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿ. ಕಛೇರಿಯಲ್ಲಿ ಕುಳಿತೇ ದಿನ ಕಳೆಯುವ ಗುಮಾಸ್ತ ಮಿತ್ರರಿಗೂ ಈ ಮಾತು ಹಿತವೇ. ನಲವತ್ತು ದಾಟಿದವರು ಮಾತ್ರ ಮೊದಲು ವೈದ್ಯರಿಗೆ ತೋರಿಸಿಕೊಳ್ಳುವುದು ಲೇಸು.

ಮುಂದಿನ ಆಗಸ್ಟ್‌ನಲ್ಲಿ ಓಟಗಾರರು ನಿಮ್ಮ ಹೋಟೆಲಿನ ಮುಂದೆ ಹಾದುಹೋಗುವಾಗ ಒಂದು ಬಕೆಟ್ಟು ನೀರು, ಒಂದು ತಟ್ಟೆ ಉಪ್ಪು ಸಕ್ಕರೆ ಬೆರೆಸಿದ ನಿಂಬೆಹಣ್ಣಿನ ಪಾನಕದ ಲೋಟಗಳು ಬಾಗಿಲಲ್ಲಿರಲಿ. ಕೊಡುವ ಹುಡುಗನ ಕಣ್ಣನ್ನೂ ಗಮನಿಸಿ. ಅವನು ಓಡುವವರ ಕಾಲನ್ನೇ ನೋಡುತ್ತ ನಿಂತಿದ್ದರೆ ಮರುದಿನ ಅವನ ಪಾಳಿಯ ವಿಚಾರವನ್ನು ನೀವಾಗಿಯೇ ತೆಗೆಯಿರಿ.