ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲಿ ತಿರುಗಿದ್ದೇನು?

ಏಷ್ಯಾದಲ್ಲೇ ಮೊದಲು ಕರೆಂಟ್ ಹುಟ್ಟಿದ್ದು 1887ರಲ್ಲಿ, ಗೋಕಾಕ ಫಾಲ್ಸ್‌ನಲ್ಲಿ. ಜಲಪಾತ ನೋಡಲು ಬಂದವರ ಕಿವಿಗೆ ಈ ಮಾತು ಬೀಳದೆ ಇರುವುದಿಲ್ಲ.

ನಡೆದದ್ದು ಬೇರೆ. 1885ರಲ್ಲಿ ಫೋರ್ಬ್ಸ್ ಕಂಪನಿಯವರು ಹುಟ್ಟುಹಾಕಿದ ಹತ್ತಿ ಗಿರಣಿಗೆ ಘಟಪ್ರಭೆಯ ನೀರೇ ಬಲ. ಸುಮಾರು 52 ಮೀಟರ್ ಧುಮುಕುವ ನೀರಿನಿಂದ ಟರ್ಬೈನ್ ತಿರುಗಿಸಿ, ಆ ಬಲವನ್ನು ಗಾಲಿ ಮತ್ತು ಹಗ್ಗಗಳ ಮೂಲಕ ಮೇಲಿನ ಗಿರಣಿಗೆ ಸಾಗಿಸಿದರು. ವಿದ್ಯುತ್ತು ಬಂದದ್ದು ಆಮೇಲೆ. ದೇಶದ ಮೊದಲ ಜಲವಿದ್ಯುತ್ ಕೇಂದ್ರವೆಂದು ಹೆಸರಾದದ್ದು 1897ರ ಡಾರ್ಜಿಲಿಂಗ್; ನಮ್ಮ ಶಿವನಸಮುದ್ರ 1902ರದು. ಹಾಗೆಂದು ಗೋಕಾಕದವರು ಮುಖ ಸಣ್ಣದು ಮಾಡಿಕೊಳ್ಳಬೇಕಿಲ್ಲ. ಹಗ್ಗದಲ್ಲೇ ಗಿರಣಿ ನಡೆಸಿದ್ದು ಕಡಿಮೆ ಸಾಹಸವೇನಲ್ಲ.

ಹಾಗಾದರೆ ಕಲ್ಲಿದ್ದಲು ಬಿಟ್ಟು ನೀರನ್ನು ನೆಚ್ಚಿದ ಆ ಮಾಲೀಕರು ಪರಿಸರಪ್ರೇಮಿಗಳೇ? ಅದೂ ಅಲ್ಲ. ಕಲ್ಲಿದ್ದಲ ಗಣಿಗಳು ದೂರ, ನೀರು ಬಾಗಿಲಲ್ಲೇ, ಲೆಕ್ಕ ಸರಳವಾಗಿತ್ತು. ಸುಸ್ಥಿರತೆ ಎಂದರೆ ಉದ್ಯಮಕ್ಕೆ ಬೀಳುವ ದಂಡ ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ. ಮುಂದಿನವರ ಅಗತ್ಯಕ್ಕೆ ಕುತ್ತು ತರದೆ ಇಂದಿನ ಅಗತ್ಯ ನೀಗಿಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ವರದಿ ಹೇಳಿದ್ದು 1987ರಲ್ಲಿ. ಅಲ್ಲಿ ಲಾಭಕ್ಕೆ ನಿಷೇಧವಿಲ್ಲ.

ನೀರಿನ ಬಲ ಎಂದೂ ತೀರದು ಎಂಬುದು ಮತ್ತೊಂದು ಭ್ರಮೆ. ಮಳೆಗಾಲದಲ್ಲಿ ಕೆಂಪಾಗಿ ಭೋರ್ಗರೆಯುವ ಫಾಲ್ಸ್ ಬೇಸಿಗೆಯಲ್ಲಿ ಬರಿ ಬಂಡೆ. ಮೇಲೆ ಹಿಡಕಲ್ ಜಲಾಶಯ, ಧೂಪದಾಳದ ಒಡ್ಡು, ಕಾಲುವೆ, ಕಬ್ಬು, ಊರುಗಳ ಕುಡಿಯುವ ನೀರು: ಒಂದೇ ನದಿಗೆ ಎಷ್ಟೊಂದು ಪಾಲುದಾರರು! ಇಲ್ಲಿ ಯಾವ ಕಾರ್ಖಾನೆಯೂ ಇತರರ ಪಾಲನ್ನು ನೋಡದೆ ತನ್ನ ಪಾಲು ಗೊತ್ತುಮಾಡಿಕೊಳ್ಳುವಂತಿಲ್ಲ.

ಉದ್ಯಮವೆಂದರೆ ದೊಡ್ಡ ಮಾಲೀಕರದೇ ಎಂದೂ ಭಾವಿಸಬೇಕಿಲ್ಲ. ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ಕರೆಂಟ್ ಬಳಸುವವರೇ ಸದಸ್ಯರು.

ಇನ್ನು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ಶಾಲೆಗೆ ಬೆಂಚು ಕೊಟ್ಟು, ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಕಂಪನಿಯ ಹೊಣೆ ಮುಗಿಯಿತು ಎಂಬ ನಂಬಿಕೆ ಬಲವಾಗಿದೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇದಕ್ಕೆ ತೆಗೆದಿಡಬೇಕು, ನಿಜ. ಅದು ಗಳಿಸಿದ ಮೇಲಿನ ಖರ್ಚು. ಉಳಿದ ಶೇ. 98 ಹೇಗೆ ಬಂತು, ಎಷ್ಟು ನೀರು ಎತ್ತಿದರು, ಹೊಲಸು ನೀರನ್ನು ಎಲ್ಲಿಗೆ ಬಿಟ್ಟರು ಎಂಬುದೇ ಅಸಲು ಪ್ರಶ್ನೆ. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳು 2022-23ರಿಂದ ನೀರಿನ ಬಳಕೆಯಂಥ ವಿವರಗಳನ್ನು ವಾರ್ಷಿಕ ವರದಿಯಲ್ಲಿ ಕೊಡಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿದೆ. ಷೇರು ಕೊಂಡವರೂ ಕಾರ್ಖಾನೆಯ ಊರವರೂ ಸಸಿ ನೆಟ್ಟ ಫೋಟೊ ದಾಟಿ ಮೊದಲು ಆ ನೀರಿನ ಪುಟ ತೆರೆಯಲಿ.