ಮತ್ತೆ ಕಣಕ್ಕಿಳಿಯುವ ಅಧ್ಯಕ್ಷರು ಉಪಾಧ್ಯಕ್ಷರನ್ನು ಬದಲಿಸಬೇಕೆ?

ಅಮೆರಿಕದಲ್ಲಿ ಅಧಿಕಾರದಲ್ಲಿರುವ ಅಧ್ಯಕ್ಷರು ಎರಡನೇ ಅವಧಿಗೆ ಸ್ಪರ್ಧಿಸಲು ಹೊರಟಾಗಲೆಲ್ಲ ಒಂದು ಗುಸುಗುಸು ಏಳುತ್ತದೆ: ಈ ಸಲ ಉಪಾಧ್ಯಕ್ಷರನ್ನು ಕೈಬಿಡುತ್ತಾರಂತೆ. ಅಧ್ಯಕ್ಷರ ಜನಪ್ರಿಯತೆ ಇಳಿಮುಖವಾಗಿದ್ದರಂತೂ ಆ ಮಾತು ಪತ್ರಿಕೆಗಳ ಮುಖಪುಟಕ್ಕೇ ಏರುತ್ತದೆ. 2011ರ ಕೊನೆಯಲ್ಲಿ ಬರಾಕ್ ಒಬಾಮಾ ಅವರ ಆಪ್ತರು ಜೋ ಬೈಡನ್ ಜಾಗಕ್ಕೆ ಹಿಲರಿ ಕ್ಲಿಂಟನ್ ಅವರನ್ನು ತಂದರೆ ಹೇಗೆ ಎಂದು ಒಳಗೊಳಗೇ ಸಮೀಕ್ಷೆ ನಡೆಸಿದ್ದರು. ಮತಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ ಎಂದು ತಿಳಿದ ಮೇಲೆ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟರು. 2004ರ ಚುನಾವಣೆಗೆ ಮುಂಚೆ ಉಪಾಧ್ಯಕ್ಷ ಡಿಕ್ ಚೇನಿ ತಾವಾಗಿಯೇ ಹಿಂದೆ ಸರಿಯುವ ಮಾತಾಡಿದ್ದರು. ತಾವೂ ಅದನ್ನು ಯೋಚಿಸಿ ನೋಡಿದ್ದಾಗಿ ಜಾರ್ಜ್ ಡಬ್ಲ್ಯು. ಬುಷ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಎರಡು ಸಲವೂ ಹಳಬರೇ ಉಳಿದರು. ಹಾಲಿ ಅಧ್ಯಕ್ಷರೊಬ್ಬರು ಉಪಾಧ್ಯಕ್ಷರನ್ನು ನಿಜವಾಗಿಯೂ ಬದಲಿಸಿದ್ದು ಕೊನೆಯದಾಗಿ 1976ರಲ್ಲಿ.

ಈ ಗದ್ದಲ ನಮಗೆ ಅರ್ಥವಾಗಬೇಕಾದರೆ ಮೊದಲು ನಮ್ಮ ಉಪರಾಷ್ಟ್ರಪತಿ ಹುದ್ದೆಯ ಕಲ್ಪನೆಯನ್ನು ಪಕ್ಕಕ್ಕಿಡಬೇಕು. ನಮ್ಮಲ್ಲಿ ಆ ಹುದ್ದೆಗೆ ಸಂಸದರು ಬೇರೆಯಾಗಿಯೇ ಮತ ಹಾಕುತ್ತಾರೆ. ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿ ಕೆಲಕಾಲ ಆ ಹೊಣೆ ನೋಡಿಕೊಳ್ಳುತ್ತಾರೆ, ಆರು ತಿಂಗಳೊಳಗೆ ಹೊಸ ಚುನಾವಣೆ ಆಗಬೇಕು. ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು 1977ರಲ್ಲಿ ಮಾಡಿದ್ದು ಇದೇ ಕೆಲಸ. ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರವರಿ 11ರಂದು ನಿಧನರಾದರು, ಜತ್ತಿಯವರು ಹಂಗಾಮಿಯಾಗಿ ನಡೆಸಿದರು, ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಬಂದರು. ಅಮೆರಿಕದಲ್ಲಿ ಇಂಥ ಸಂದರ್ಭದಲ್ಲಿ ಹಂಗಾಮಿ ಎಂಬ ಮಾತಿಲ್ಲ. ಅಧ್ಯಕ್ಷರು ಸತ್ತರೆ ಅಥವಾ ರಾಜೀನಾಮೆ ಕೊಟ್ಟರೆ ಉಪಾಧ್ಯಕ್ಷರೇ ಉಳಿದ ಅವಧಿಗೆಲ್ಲ ಪೂರ್ಣ ಅಧ್ಯಕ್ಷರು. ಸೇನೆ, ಅಣ್ವಸ್ತ್ರ, ಶಾಸನಕ್ಕೆ ಅಂಕಿತ ಎಲ್ಲವೂ ಅವರ ಕೈಗೆ. ಈವರೆಗೆ ಒಂಬತ್ತು ಸಲ ಹೀಗಾಗಿದೆ.

ಅಧ್ಯಕ್ಷರು ತಮ್ಮ ಸಂಪುಟದ ಯಾರನ್ನಾದರೂ ಬೆಳಗಾಗುವುದರೊಳಗೆ ಮನೆಗೆ ಕಳಿಸಬಹುದು. ಉಪಾಧ್ಯಕ್ಷರನ್ನು ಮಾತ್ರ ಹಾಗೆ ಕಳಿಸಲಾಗದು. ಅವರೂ ಚುನಾಯಿತರು, ಅವರಿಗೂ ನಾಲ್ಕು ವರ್ಷದ ಸ್ವಂತ ಅವಧಿ ಇದೆ. ಕೆಲಸ ಕೊಡದೆ ಮೂಲೆಗೆ ಕೂರಿಸಬಹುದು, ಸಭೆಗೆ ಕರೆಯದೆ ಇರಬಹುದು, ತೆಗೆದುಹಾಕುವಂತಿಲ್ಲ. ಅಧ್ಯಕ್ಷರ ಕೈಯಲ್ಲಿರುವುದು ಒಂದೇ ಅವಕಾಶ: ಮುಂದಿನ ಚುನಾವಣೆಯ ಟಿಕೆಟ್.

ಟಿಕೆಟ್ ಎಂಬ ಜೋಡಿ ವ್ಯವಸ್ಥೆಯೂ ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಪ್ರತಿ ಎಲೆಕ್ಟರ್ (ಅಧ್ಯಕ್ಷರನ್ನು ಆರಿಸುವ, ರಾಜ್ಯಗಳ ಪ್ರತಿನಿಧಿ ಮತದಾರ) ಇಬ್ಬರಿಗೆ ಮತ ಹಾಕುತ್ತಿದ್ದ. ಹೆಚ್ಚು ಮತ ಪಡೆದವರು ಅಧ್ಯಕ್ಷರು, ಎರಡನೆಯವರು ಉಪಾಧ್ಯಕ್ಷರು. 1800ರಲ್ಲಿ ಒಂದೇ ಪಕ್ಷದ ಥಾಮಸ್ ಜೆಫರ್ಸನ್ ಮತ್ತು ಆರನ್ ಬರ್ ತಲಾ 73 ಮತ ಪಡೆದು ಸಮಬಲವಾದಾಗ ಎಲ್ಲ ತೊಡಕಾಯಿತು. ಬರ್ ದಾರಿ ಬಿಡಲಿಲ್ಲ. ಪ್ರತಿನಿಧಿ ಸಭೆಯಲ್ಲಿ 36 ಸುತ್ತು ಮತದಾನ ನಡೆದು ಜೆಫರ್ಸನ್ ಗೆದ್ದರು. 1804ರಲ್ಲಿ ಸಂವಿಧಾನಕ್ಕೆ 12ನೇ ತಿದ್ದುಪಡಿ ತಂದು ಎರಡು ಹುದ್ದೆಗಳಿಗೆ ಬೇರೆ ಬೇರೆ ಮತ ಎಂದು ಮಾಡಿದರು. ಅದೇ ವರ್ಷ ಜೆಫರ್ಸನ್ ಬರ್ ಅವರನ್ನು ಬಿಟ್ಟು ನ್ಯೂಯಾರ್ಕಿನ ಜಾರ್ಜ್ ಕ್ಲಿಂಟನ್ ಜೊತೆ ಕಣಕ್ಕಿಳಿದರು. ಉಪಾಧ್ಯಕ್ಷರನ್ನು ಬದಲಿಸುವ ಪರಿಪಾಠ ಶುರುವಾದದ್ದು ಅಲ್ಲಿಂದ.

ಇವತ್ತಿನ ಕ್ರಮ ಹೀಗಿದೆ. ಹೆಸರು ಸೂಚಿಸುವುದು ಅಧ್ಯಕ್ಷ ಅಭ್ಯರ್ಥಿ, ಮುದ್ರೆ ಒತ್ತುವುದು ಪಕ್ಷದ ರಾಷ್ಟ್ರೀಯ ಸಮಾವೇಶದ ಪ್ರತಿನಿಧಿಗಳು. ಬದಲಾವಣೆ ಆಗುವುದಿದ್ದರೆ ಸಮಾವೇಶದೊಳಗೇ ಆಗಬೇಕು, ಏಕೆಂದರೆ ಆಮೇಲೆ ರಾಜ್ಯಗಳು ಮತಪತ್ರ ಮುದ್ರಿಸುವ ಗಡುವು ಬಂದುಬಿಡುತ್ತದೆ. ಸಮಾವೇಶ ಮುಗಿದ ಮೇಲೆ ತೆರವಾದರೆ ಪಕ್ಷದ ರಾಷ್ಟ್ರೀಯ ಸಮಿತಿ ತುಂಬುತ್ತದೆ. 1972ರಲ್ಲಿ ಅಧ್ಯಕ್ಷ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಅವರ ಜೊತೆಗಾರ ಥಾಮಸ್ ಈಗಲ್ಟನ್, ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದ ಸಂಗತಿ ಹೊರಬಿದ್ದು ಹಿಂದೆ ಸರಿಯಬೇಕಾದಾಗ ಆ ಸಮಿತಿಯೇ ಸಾರ್ಜೆಂಟ್ ಶ್ರೈವರ್ ಅವರನ್ನು ಆರಿಸಿತು. ಇನ್ನೊಂದು ನಿಯಮವನ್ನು ಹಲವರು ಮರೆಯುತ್ತಾರೆ: ಎಲೆಕ್ಟರ್‌ಗಳು ಎರಡೂ ಹುದ್ದೆಗೆ ತಮ್ಮದೇ ರಾಜ್ಯದವರಿಗೆ ಮತ ಹಾಕುವಂತಿಲ್ಲ. ಬುಷ್ ಟೆಕ್ಸಾಸಿನವರಾದ್ದರಿಂದ 2000ದಲ್ಲಿ ಚೇನಿ ತಮ್ಮ ಮತದಾರ ನೋಂದಣಿಯನ್ನು ಟೆಕ್ಸಾಸಿನಿಂದ ವಯೋಮಿಂಗ್‌ಗೆ ವರ್ಗಾಯಿಸಿಕೊಂಡರು.

ಹಣದ ಲೆಕ್ಕವೂ ಇದೆ. ಮರುಚುನಾವಣೆಯ ಪ್ರಚಾರ ಸಮಿತಿ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರ ಹೆಸರಲ್ಲೂ ನೋಂದಣಿಯಾಗಿರುತ್ತದೆ. 2024ರ ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದಾಗ ಸಮಿತಿಯ ಹೆಸರು ಬದಲಾಗಿ ಹಣ, ಕಚೇರಿ, ಸಿಬ್ಬಂದಿ ಎಲ್ಲವೂ ಕಮಲಾ ಹ್ಯಾರಿಸ್ ಅವರಿಗೆ ಬಂದದ್ದು ಹೀಗೆ. ಬೇರೆ ಯಾರೇ ಅಭ್ಯರ್ಥಿಯಾಗಿದ್ದರೂ ಇಷ್ಟು ಸಲೀಸಾಗುತ್ತಿರಲಿಲ್ಲ.

ವಿಧಿವಿಧಾನ ಇಷ್ಟೇ. ಬದಲಾವಣೆ ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ತಿಳಿಯಲು 1944ರ ಶಿಕಾಗೋ ಸಮಾವೇಶದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ಆಗ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕನೇ ಅವಧಿಗೆ ನಿಂತಿದ್ದರು. ಎರಡು ಅವಧಿಗೆ ಜೊತೆಗಿದ್ದ ಜಾನ್ ನ್ಯಾನ್ಸ್ ಗಾರ್ನರ್ ಅವರನ್ನು 1940ರಲ್ಲಿ ಬಿಟ್ಟು ಕೃಷಿ ಕಾರ್ಯದರ್ಶಿಯಾಗಿದ್ದ ಹೆನ್ರಿ ವ್ಯಾಲೇಸ್ ಅವರನ್ನು ತಂದಿದ್ದರು. ಪಕ್ಷ ಒಪ್ಪದಿದ್ದರೆ ತಾವೇ ನಿಲ್ಲುವುದಿಲ್ಲ ಎಂದು ಹಟ ಹಿಡಿದು ಗೆದ್ದಿದ್ದರು. ನಾಲ್ಕೇ ವರ್ಷಗಳಲ್ಲಿ ಚಿತ್ರ ಬದಲಾಗಿತ್ತು. ಕಾರ್ಮಿಕ ಸಂಘಟನೆಗಳಿಗೆ ವ್ಯಾಲೇಸ್ ಅಚ್ಚುಮೆಚ್ಚು, ದಕ್ಷಿಣದ ನಾಯಕರಿಗೂ ದೊಡ್ಡ ನಗರಗಳ ಪಕ್ಷದ ಧಣಿಗಳಿಗೂ ಕಣ್ಣಿಗೆ ಬಿದ್ದ ಕಸ. ಆ ವರ್ಷ ಮಾರ್ಚ್‌ನಲ್ಲಿ ಯುವ ಹೃದ್ರೋಗ ತಜ್ಞ ಹೊವಾರ್ಡ್ ಬ್ರೂಯೆನ್ ಅಧ್ಯಕ್ಷರನ್ನು ಪರೀಕ್ಷಿಸಿ ಹೃದಯ ಸೋಲುತ್ತಿದೆ ಎಂದು ಗುರುತಿಸಿದ್ದರು. ಜನರಿಗೆ ಇದು ಗೊತ್ತಿರಲಿಲ್ಲ. ಆದರೆ ರೂಸ್‌ವೆಲ್ಟರ ಬಾಡಿದ ಮುಖವನ್ನು ಹತ್ತಿರದಿಂದ ಕಂಡ ಪಕ್ಷದ ಹಿರಿಯರಿಗೆ ತಾವು ಆರಿಸುತ್ತಿರುವುದು ಮುಂದಿನ ಅಧ್ಯಕ್ಷರನ್ನೇ ಎಂಬುದು ಹೊಳೆದಿತ್ತು.

ರೂಸ್‌ವೆಲ್ಟ್ ಮಾತ್ರ ಯಾರಿಗೂ ಇಲ್ಲ ಎನ್ನಲಿಲ್ಲ. ತಾನು ಪ್ರತಿನಿಧಿಯಾಗಿದ್ದರೆ ವ್ಯಾಲೇಸ್‌ಗೇ ಮತ ಹಾಕುತ್ತಿದ್ದೆ ಎಂದು ಒಂದು ಪತ್ರ ಬರೆದರು. ಹ್ಯಾರಿ ಟ್ರೂಮನ್ ಆಗಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಆಗಲಿ ಸಂತೋಷವೇ ಎಂದು ಪಕ್ಷದ ಮುಖ್ಯಸ್ಥ ರಾಬರ್ಟ್ ಹ್ಯಾನಿಗನ್‌ಗೆ ಇನ್ನೊಂದು ಪತ್ರ ಕೊಟ್ಟರು. ದಕ್ಷಿಣದ ಜೇಮ್ಸ್ ಬರ್ನ್ಸ್ ಅಧ್ಯಕ್ಷರ ಆಶೀರ್ವಾದ ತಮಗೇ ಎಂದು ನಂಬಿದ್ದರು. ಅವರ ಹೆಸರು ಸೂಚಿಸಲೆಂದೇ ಮಿಸ್ಸೌರಿಯ ಸೆನೆಟರ್ ಟ್ರೂಮನ್ ಶಿಕಾಗೋಗೆ ಬಂದಿದ್ದರು! ತಮಗೆ ಆ ಹುದ್ದೆ ಬೇಡ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ ಟ್ರೂಮನ್ನರನ್ನು ಹೋಟೆಲ್ ಕೋಣೆಗೆ ಕರೆಸಿ, ಸ್ಯಾನ್ ಡಿಯಾಗೋದಲ್ಲಿದ್ದ ರೂಸ್‌ವೆಲ್ಟ್‌ಗೆ ಫೋನ್ ಹಚ್ಚಲಾಯಿತು. ಹ್ಯಾನಿಗನ್ ಕೈಯಲ್ಲಿದ್ದ ರಿಸೀವರ್‌ನಿಂದ ಅಧ್ಯಕ್ಷರ ದನಿ ಇಡೀ ಕೋಣೆಗೆ ಕೇಳಿಸಿತು: ಯುದ್ಧದ ನಡುವೆ ಪಕ್ಷ ಒಡೆಯುವ ಆಸೆಯಿದ್ದರೆ ಆ ಹೊಣೆ ಅವರದೇ ಎಂಬ ಧಾಟಿಯಲ್ಲಿ ಹೇಳಿ ಫೋನ್ ಇಟ್ಟರು. ಟ್ರೂಮನ್ ಮಣಿದರು.

ಜುಲೈ 20ರ ರಾತ್ರಿ ಸಮಾವೇಶದ ಗ್ಯಾಲರಿಗಳಿಂದ ವ್ಯಾಲೇಸ್ ಪರ ಘೋಷಣೆ ಮುಗಿಲು ಮುಟ್ಟಿತ್ತು. ಆ ಅಬ್ಬರದಲ್ಲೇ ಮತಕ್ಕೆ ಹಾಕಿದ್ದರೆ ಅವರೇ ಗೆಲ್ಲುತ್ತಿದ್ದರೇನೋ. ಹೆಸರು ಸೂಚಿಸಲು ಫ್ಲಾರಿಡಾದ ಸೆನೆಟರ್ ಕ್ಲಾಡ್ ಪೆಪ್ಪರ್ ಜನರನ್ನು ತಳ್ಳಿಕೊಂಡು ವೇದಿಕೆಯತ್ತ ನುಗ್ಗುತ್ತಿದ್ದರು. ಅವರು ಮೆಟ್ಟಿಲು ತಲುಪುವಷ್ಟರಲ್ಲಿ ಅಧ್ಯಕ್ಷಪೀಠದಲ್ಲಿದ್ದ ಸ್ಯಾಮ್ಯುಯೆಲ್ ಜಾಕ್ಸನ್ ಸಭೆಯನ್ನು ಮರುದಿನಕ್ಕೆ ಮುಂದೂಡಿದರು. ರಾತ್ರಿಯಿಡೀ ರಾಜ್ಯ ರಾಜ್ಯಗಳ ತಂಡಗಳೊಡನೆ ಚೌಕಾಸಿ ನಡೆಯಿತು. ಮರುದಿನ ಮೊದಲ ಸುತ್ತಿನಲ್ಲಿ ವ್ಯಾಲೇಸ್‌ಗೆ 429.5, ಟ್ರೂಮನ್‌ಗೆ 319.5 ಮತ. (ಕೆಲವು ಪ್ರತಿನಿಧಿಗಳಿಗೆ ಅರ್ಧ ಮತದ ಹಕ್ಕಷ್ಟೇ ಇತ್ತು.) ಎರಡನೇ ಸುತ್ತಿನಲ್ಲಿ ಗಾಳಿ ತಿರುಗಿ ಟ್ರೂಮನ್ ಭಾರಿ ಅಂತರದಿಂದ ಗೆದ್ದರು.

1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್ ಉಪಾಧ್ಯಕ್ಷರಾಗಿ 82 ದಿನಗಳಾಗಿದ್ದವು. ಅಣುಬಾಂಬ್ ತಯಾರಾಗುತ್ತಿರುವ ವಿವರ ಅವರಿಗೆ ಗೊತ್ತಿರಲಿಲ್ಲ. ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಕೂರಿಸಿಕೊಂಡು ಎಲ್ಲ ತಿಳಿಸಿದ್ದು ಏಪ್ರಿಲ್ 25ರಂದು. ಆರೋಗ್ಯ ಕೈಕೊಟ್ಟಿದೆ ಎಂದು ತಿಳಿದೂ ಉತ್ತರಾಧಿಕಾರಿಯನ್ನು ಕತ್ತಲಲ್ಲಿಟ್ಟದ್ದು ರೂಸ್‌ವೆಲ್ಟ್ ಮಾಡಿದ ಗಂಭೀರ ಅಪಚಾರ ಎಂದೇ ನನ್ನ ಅಭಿಪ್ರಾಯ. ಟ್ರೂಮನ್ ಆ ಭಾರ ಹೊತ್ತು ನಿಂತದ್ದು ದೇಶದ ಪುಣ್ಯ. ಅಂಥ ಪುಣ್ಯವನ್ನು ನಂಬಿ ಯಾರೂ ಟಿಕೆಟ್ ಹಂಚಬಾರದು.

ಏಕೆಂದರೆ ಅದಕ್ಕೂ 80 ವರ್ಷ ಹಿಂದೆ ಆ ಪುಣ್ಯ ಒದಗಿರಲಿಲ್ಲ. 1864ರಲ್ಲಿ ಅಂತರ್ಯುದ್ಧದ ನಡುವೆ ಅಬ್ರಹಾಂ ಲಿಂಕನ್ ಮರುಆಯ್ಕೆ ಬಯಸಿದಾಗ ಮೇನ್ ರಾಜ್ಯದ, ಗುಲಾಮಗಿರಿಯ ಕಟ್ಟಾ ವಿರೋಧಿ ಹ್ಯಾನಿಬಲ್ ಹ್ಯಾಮ್ಲಿನ್ ಉಪಾಧ್ಯಕ್ಷರಾಗಿದ್ದರು. ಬಾಲ್ಟಿಮೋರ್ ಸಮಾವೇಶ ಅವರನ್ನು ಬಿಟ್ಟು ಟೆನೆಸ್ಸಿಯ ಆಂಡ್ರೂ ಜಾನ್ಸನ್ ಅವರನ್ನು ಆರಿಸಿತು. ಜಾನ್ಸನ್ ವಿರೋಧ ಪಕ್ಷದವರು, ದಕ್ಷಿಣದವರು, ಆದರೂ ಒಕ್ಕೂಟಕ್ಕೆ ನಿಷ್ಠರು. ಚುನಾವಣೆಯ ಲೆಕ್ಕದಲ್ಲಿ ಇದಕ್ಕಿಂತ ಚೆಂದದ ಜೋಡಿ ಸಿಗುವಂತಿರಲಿಲ್ಲ. ಜಾನ್ಸನ್ ಉಪಾಧ್ಯಕ್ಷರಾದ 42 ದಿನಗಳಲ್ಲಿ ಲಿಂಕನ್ ಹತ್ಯೆಯಾಯಿತು. ಜಾನ್ಸನ್ ಅಧ್ಯಕ್ಷರಾಗಿ ಬಿಡುಗಡೆಗೊಂಡ ಕಪ್ಪು ಜನರ ನಾಗರಿಕ ಹಕ್ಕುಗಳ ಮಸೂದೆಗೆ 1866ರಲ್ಲಿ ತಡೆ ಒಡ್ಡಿದರು, ವಶಪಡಿಸಿಕೊಂಡಿದ್ದ ಜಮೀನುಗಳನ್ನು ಹಳೆಯ ಒಡೆಯರಿಗೆ ಮರಳಿಸಿದರು. 1868ರಲ್ಲಿ ವಾಗ್ದಂಡನೆಗೆ ಗುರಿಯಾಗಿ ಸೆನೆಟ್‌ನಲ್ಲಿ ಒಂದೇ ಮತದಿಂದ ಪಾರಾದರು. ಹ್ಯಾಮ್ಲಿನ್ ಉಳಿದಿದ್ದರೆ ಆ ಜಮೀನು ಉಳುವವರ ಕೈಯಲ್ಲಿ ಉಳಿಯುತ್ತಿತ್ತೇ? ಖಚಿತವಾಗಿ ಹೇಳಲಾಗದು. ಆ ಜನರಿಗೆ ಜಾನ್ಸನ್‌ಗಿಂತ ದೊಡ್ಡ ಆಪತ್ತು ಬರುತ್ತಿರಲಿಲ್ಲ ಎಂಬುದನ್ನಂತೂ ಹೇಳಬಹುದು.

ವಿಲಿಯಂ ಮೆಕಿನ್ಲಿ ಅವರ ಉಪಾಧ್ಯಕ್ಷ ತೀರಿಕೊಂಡಿದ್ದರಿಂದ 1900ರ ಮರುಚುನಾವಣೆಗೆ ಥಿಯೊಡೋರ್ ರೂಸ್‌ವೆಲ್ಟ್ ಬಂದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಮೆಕಿನ್ಲಿ ಗುಂಡೇಟಿಗೆ ಬಲಿಯಾದರು. ಅಂದರೆ ಮರುಚುನಾವಣೆಗೆ ಹೊಸದಾಗಿ ಸೇರಿದ ಜೊತೆಗಾರರಲ್ಲಿ ಮೂವರು ಅಧಿಕಾರಕ್ಕೆ ಬಂದ ಒಂದು ವರ್ಷದೊಳಗೇ ಅಧ್ಯಕ್ಷರಾಗಿದ್ದಾರೆ.

ಬದಲಿಸದೆ ಉಳಿಸಿಕೊಂಡದ್ದಕ್ಕೂ ಬೆಲೆ ತೆತ್ತವರಿದ್ದಾರೆ. ರಿಚರ್ಡ್ ನಿಕ್ಸನ್ 1972ರಲ್ಲಿ ಸ್ಪಿರೊ ಆಗ್ನ್ಯೂ ಬದಲು ಜಾನ್ ಕಾನಲಿ ಅವರನ್ನು ತರಲು ಬಹಳ ಬಯಸಿದ್ದರು, ಪಕ್ಷದ ಬಲಪಂಥೀಯರಿಗೆ ಅಂಜಿ ಸುಮ್ಮನಾದರು. ಮರುವರ್ಷ ಅಕ್ಟೋಬರ್ 10ರಂದು ಆಗ್ನ್ಯೂ ತೆರಿಗೆ ವಂಚನೆ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟರು. ಹಾಗೆ ತೆರವಾದ ಜಾಗಕ್ಕೆ ಬಂದ ಜೆರಾಲ್ಡ್ ಫೋರ್ಡ್ 1974ರಲ್ಲಿ ಅಧ್ಯಕ್ಷರೂ ಆದರು. ಅದೇ ಫೋರ್ಡ್ ತಮ್ಮ ಸರದಿ ಬಂದಾಗ ಉಪಾಧ್ಯಕ್ಷ ನೆಲ್ಸನ್ ರಾಕ್‌ಫೆಲ್ಲರ್ ಅವರನ್ನು ಬಿಟ್ಟುಕೊಟ್ಟರು. ರಾಕ್‌ಫೆಲ್ಲರ್ ಉದಾರವಾದಿ, ಪಕ್ಷದೊಳಗೆ ರೊನಾಲ್ಡ್ ರೇಗನ್ ಸವಾಲು ಬಿರುಸಾಗಿತ್ತು. 1975ರ ನವೆಂಬರ್‌ನಲ್ಲಿ ರಾಕ್‌ಫೆಲ್ಲರ್ ತಾವೇ ಹಿಂದೆ ಸರಿದಂತೆ ಘೋಷಿಸಿದರು, ಕನ್ಸಾಸಿನ ಬಾಬ್ ಡೋಲ್ ಬಂದರು. ರೇಗನ್ ಸವಾಲು ಅದರಿಂದ ತಣ್ಣಗಾಗಲಿಲ್ಲ, ಸಾರ್ವತ್ರಿಕ ಚುನಾವಣೆಯಲ್ಲಿ ಜಿಮ್ಮಿ ಕಾರ್ಟರ್ ಎದುರು ಫೋರ್ಡ್ ಸ್ವಲ್ಪದರಲ್ಲೇ ಸೋತರು. ತಮ್ಮ ಬದುಕಿನಲ್ಲಿ ಹೇಡಿತನದಿಂದ ಮಾಡಿದ ಕೆಲವೇ ಕೆಲಸಗಳಲ್ಲಿ ಅದೂ ಒಂದು ಎಂದು ಫೋರ್ಡ್ ಆಮೇಲೆ ನೊಂದು ಹೇಳಿಕೊಂಡರು. ಅಂದಿನಿಂದ ಹಾಲಿ ಅಧ್ಯಕ್ಷರು ಯಾರೂ ಈ ತಂಟೆಗೆ ಹೋಗದಿರುವುದಕ್ಕೆ ಕಾರಣ ಅರ್ಥವಾಗುತ್ತದೆ. ಜೊತೆಗಾರನನ್ನು ಬಿಟ್ಟರೆ ಮೊದಲ ಸಲದ ನನ್ನ ಆಯ್ಕೆಯೇ ತಪ್ಪಿತ್ತು ಎಂದು ಅಧ್ಯಕ್ಷರೇ ಸಾರಿದಂತೆ. ವಿರೋಧಿಗಳಿಗೆ ಅಷ್ಟು ಸಾಕು.

ಡೊನಾಲ್ಡ್ ಟ್ರಂಪ್ ಅವರದು ಬೇರೆಯೇ ಬಗೆ. 2020ರಲ್ಲಿ ಮೈಕ್ ಪೆನ್ಸ್ ಜೊತೆಗೇ ನಿಂತು ಸೋತರು. 2021ರ ಜನವರಿ 6ರಂದು ಎಲೆಕ್ಟೋರಲ್ ಮತಗಳನ್ನು ತಳ್ಳಿಹಾಕುವ ಅಧಿಕಾರ ತಮಗಿಲ್ಲ ಎಂದು ಪೆನ್ಸ್ ಖಂಡಿತವಾಗಿ ಹೇಳಿದ ಮೇಲೆ ಆ ಸಂಬಂಧ ಮುರಿಯಿತು. 2024ರಲ್ಲಿ ಜೆ.ಡಿ. ವ್ಯಾನ್ಸ್ ಬಂದರು. ಮತ ಎಣಿಕೆಯ ದಿನ ಜಂಟಿ ಅಧಿವೇಶನದ ಪೀಠದಲ್ಲಿ ಕೂರುವವರು ಉಪಾಧ್ಯಕ್ಷರು. ಅಲ್ಲಿ ನಿಷ್ಠೆ ಸಂವಿಧಾನಕ್ಕೋ ತಮ್ಮನ್ನು ಆರಿಸಿದವರಿಗೋ ಎಂಬ ಪ್ರಶ್ನೆ ಅಂದು ಜಗತ್ತಿನೆದುರು ಬಂತು.

ಹಾಗಾದರೆ ಬದಲಿಸಬೇಕೆ? ಮತಕ್ಕಾಗಿ ಬದಲಿಸಬಾರದು ಎಂಬುದು ನನ್ನ ಖಚಿತ ನಿಲುವು. ಜನ ಮತ ಹಾಕುವುದು ಅಧ್ಯಕ್ಷರ ಮುಖ ನೋಡಿ. ಆದರೆ ನಾಳೆ ಬೆಳಿಗ್ಗೆ ಈ ವ್ಯಕ್ತಿ ನನ್ನ ಕುರ್ಚಿಯಲ್ಲಿ ಕೂತರೆ ದೇಶ ನಡೆದೀತೆ ಎಂಬ ಪ್ರಶ್ನೆಗೆ ಅಧ್ಯಕ್ಷರ ಒಳಮನಸ್ಸು ಇಲ್ಲ ಎಂದರೆ, ಯಾವ ಬಣ ಮುನಿದರೂ ಬದಲಿಸಲೇಬೇಕು, ಅದೂ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಗಳು ಶುರುವಾಗುವ ಮೊದಲೇ, ಎಲ್ಲರೆದುರು ಕಾರಣ ಹೇಳಿ. ಅಧ್ಯಕ್ಷರ ವಯಸ್ಸು ಹೆಚ್ಚಾದಷ್ಟೂ ಈ ಪ್ರಶ್ನೆಯ ತೂಕವೂ ಹೆಚ್ಚುತ್ತದೆ. ಹೊಸಬರು ಬಂದ ಮೇಲೆ ಅವರನ್ನು ಮೊದಲ ವಾರದಿಂದಲೇ ರಹಸ್ಯ ಸಭೆಗಳಲ್ಲಿ ಕೂರಿಸಬೇಕು.

ಮುಂದಿನ ಸಲ ಇಂಥ ಗುಸುಗುಸು ಕಿವಿಗೆ ಬಿದ್ದಾಗ ಆ ಹೆಸರು ಯಾವ ರಾಜ್ಯ ಗೆಲ್ಲಿಸುತ್ತದೆ ಎಂಬ ವಿಶ್ಲೇಷಣೆ ಟಿ.ವಿ.ಗಳಲ್ಲಿ ಹೇರಳವಾಗಿ ಸಿಗುತ್ತದೆ. ಅದನ್ನು ಬಿಟ್ಟು ಆ ವ್ಯಕ್ತಿ ಇದುವರೆಗೆ ಯಾವ ಆಡಳಿತ ನಡೆಸಿದ್ದಾರೆ, ಬಿಕ್ಕಟ್ಟಿನಲ್ಲಿ ಹೇಗೆ ನಡೆದುಕೊಂಡಿದ್ದಾರೆ ಎಂದು ಮೊದಲು ಹುಡುಕಿ ಓದಿ.