ದಪ್ಪ ಪಿನ್ನು, ಸಣ್ಣ ತೂತು: ಬಾಡಿಗೆ ಅಡುಗೆಮನೆಯ ಫಜೀತಿ

ಹೊಸ ಇಂಡಕ್ಷನ್ ಒಲೆ ತಂದಿದ್ದೀರಿ. ಅರಿಶಿನ, ಕುಂಕುಮ ಹಚ್ಚಿ ಕಟ್ಟೆಯ ಮೇಲಿಟ್ಟು ವೈರ್ ಬಿಚ್ಚಿ ನೋಡಿದರೆ ಪಿನ್ನು ದಪ್ಪ, ಗೋಡೆಯ ಮೇಲಿನ ತೂತು ಸಣ್ಣದು. ಆ ತೂತಾದರೂ ಎಲ್ಲಿದೆ? ಬಾಗಿಲ ಹಿಂದೆ, ನಿಮ್ಮ ತಲೆಗಿಂತ ಒಂದು ಗೇಣು ಮೇಲೆ! ರಾಯಚೂರಿನ ಹಳೆ ಓಣಿಗಳಲ್ಲಾಗಲಿ, ದೇವದುರ್ಗ, ಮಾನ್ವಿಯ ಕಲ್ಲುಗೋಡೆಯ ಮನೆಗಳಲ್ಲಾಗಲಿ ಬಾಡಿಗೆಗೆ ಇದ್ದವರಿಗೆ ಇದು ಹೊಸ ಕಥೆಯೇನಲ್ಲ. 1985ರಿಂದ ನಮ್ಮ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ನಾಡಿಗೆಲ್ಲ ಕರೆಂಟ್ ಕೊಡುತ್ತಿದೆ. ನಮ್ಮ ಅಡುಗೆಮನೆಗೆ ಮಾತ್ರ ಒಂದೇ ತೂತು.

ಆಗ ನಾವೆಲ್ಲ ಮಾಡುವುದೇನು? ಅಂಗಡಿಗೆ ಓಡಿ ಒಂದು ಕನ್ವರ್ಶನ್ ಪ್ಲಗ್ ತರುತ್ತೇವೆ. ಒಂದು ಕಡೆ ಸಣ್ಣ ಪಿನ್, ಇನ್ನೊಂದು ಕಡೆ ದೊಡ್ಡ ತೂತು ಇರುವ ಪುಟ್ಟ ಡಬ್ಬಿ. "ಇದ ಹಾಕ್ರಿ ಅಕ್ಕಾರ, ಫಿಟ್ ಆಗ್ತದ" ಅಂತಾರೆ ಅಂಗಡಿಯವರು. ಫಿಟ್ ಆಗುತ್ತದೆ, ಸುಳ್ಳಲ್ಲ. ತಾಪತ್ರಯ ಶುರುವಾಗುವುದೇ ಆಮೇಲೆ.

ಮಾನ್ವಿಯಲ್ಲಿ ಬಾಡಿಗೆಗೆ ಇದ್ದಾಗ ನಾನೂ ಹೀಗೇ ಮಾಡಿದ್ದೆ. ಒಂದು ತಿಂಗಳು ಒಲೆ ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ಮನೆ ಮಾಲಕಿ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, "ಏನ್ರಿ, ಮೀನ ಮಾಡೀರೇನು?" ಅಂದರು. ಅವರದು ಕಟ್ಟಾ ಸಸ್ಯಾಹಾರಿ ಮನೆತನ. ಒಲೆಯ ಮೇಲಿದ್ದದ್ದು ಬರೀ ತೊಗರಿಬೇಳೆ. ನನಗೂ ಎರಡು ದಿನದಿಂದ ಅದೇ ವಾಸನೆ ಬರುತ್ತಿತ್ತು, ಬಚ್ಚಲ ಮೋರಿಯದಿರಬೇಕು ಅಂದುಕೊಂಡಿದ್ದೆ. ಕೊನೆಗೆ ಸ್ವಿಚ್ ಆರಿಸಿ ಪ್ಲಗ್ ಕಿತ್ತರೆ ಕೈಗೆ ಬಿಸಿ ತಾಗಿತು. ಬಿಳಿ ಡಬ್ಬಿ ಒಂದು ಮಗ್ಗುಲು ಕಂದಾಗಿ, ಸಾಕೆಟ್ಟಿನ ತೂತು ಕರಗಿ ಸೊಟ್ಟಗಾಗಿತ್ತು.

ಸ್ವಿಚ್ಚು, ಸಾಕೆಟ್ಟಿಗೆ ಬಳಸುವ ಕೆಲವು ಪ್ಲಾಸ್ಟಿಕ್‌ಗಳು ಅತಿಯಾಗಿ ಕಾದರೆ ಥೇಟ್ ಮೀನಿನ ವಾಸನೆ ಬರುತ್ತದೆ. ಇದೊಂದನ್ನು ನೆನಪಿಡಿ. ಹೊಗೆ ಬರುವುದಕ್ಕೂ ಮುಂಚಿನ ಎಚ್ಚರಿಕೆ ಇದು.

ದಪ್ಪ ಪಿನ್ನಿನ ಸಾಮಾನಿಗೆ ನಾವು 'ಹೈ ವೋಲ್ಟೇಜ್' ಅಂತ ಹೆಸರಿಟ್ಟಿದ್ದೇವೆ. ಅದು ತಪ್ಪು ಮಾತು. ಎರಡೂ ತೂತಿನಲ್ಲಿ ಬರುವುದು ಅದೇ 230 ವೋಲ್ಟ್. ವ್ಯತ್ಯಾಸ ಇರುವುದು ಎಷ್ಟು ಕರೆಂಟ್ ಹರಿಯುತ್ತದೆ ಎಂಬುದರಲ್ಲಿ. ಸಣ್ಣ ತೂತು 6 ಆಂಪಿಯರಿನದು, ದೊಡ್ಡದು 16 ಆಂಪಿಯರಿನದು. (ಹಳೆ ಬೋರ್ಡುಗಳ ಮೇಲೆ 5 ಮತ್ತು 15 ಅಂತ ಬರೆದಿರುತ್ತದೆ.) ತುಂಗಭದ್ರಾ ಎಡದಂಡೆ ಕಾಲುವೆ ಕಂಡ ಮಾನ್ವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಖ್ಯ ಕಾಲುವೆಯ ನೀರನ್ನು ಹೊಲಗಾಲುವೆಗೆ ಬಿಟ್ಟರೆ ಒಡ್ಡು ಉಳಿದೀತೇ?

ಲೆಕ್ಕ ಸುಲಭ. ಸಾಮಾನಿನ ಹಿಂದೆ ಬರೆದ ವ್ಯಾಟನ್ನು 230ರಿಂದ ಭಾಗಿಸಿ. 750 ವ್ಯಾಟಿನ ಮಿಕ್ಸಿಗೆ ಮೂರು ಚಿಲ್ಲರೆ ಆಂಪಿಯರ್, ಚಿಂತೆಯಿಲ್ಲ. 2000 ವ್ಯಾಟಿನ ಇಂಡಕ್ಷನ್ ಅಥವಾ ಗೀಸರಿಗೆ ಸುಮಾರು 8.7 ಆಂಪಿಯರ್. 3000 ವ್ಯಾಟಿನ ಇನ್‌ಸ್ಟಂಟ್ ಗೀಸರಿಗೆ 13. ಸಣ್ಣ ತೂತಿನ ಮಿತಿ 1380 ವ್ಯಾಟಿಗೇ ಮುಗಿಯಿತು. "ಕಡಿಮೆ ಇಟ್ಟು ಅಡಗಿ ಮಾಡ್ತೀನ್ರಿ" ಅನ್ನುವವರಿದ್ದಾರೆ. ಆದರೆ ಕೆಲವು ಇಂಡಕ್ಷನ್ ಒಲೆಗಳು ಕಡಿಮೆ ಇಟ್ಟರೂ ಬಿಟ್ಟು ಬಿಟ್ಟು ಜೋರಾಗಿಯೇ ಕರೆಂಟ್ ಎಳೆಯುತ್ತವೆ.

"ಫ್ಯೂಸ್ ಹೋಗಿಲ್ಲಲ್ರಿ, ಅಂದ್ರ ಎಲ್ಲಾ ಬರೋಬರಿ ಅದ" ಅನ್ನುವುದು ಇನ್ನೊಂದು ಭ್ರಮೆ. 16 ಆಂಪಿಯರಿನ ಎಂಸಿಬಿಗೆ 9 ಆಂಪಿಯರ್ ಯಾವ ಲೆಕ್ಕ? ಅದು ಸುಮ್ಮನೆ ಕೂತಿರುತ್ತದೆ, ಇತ್ತ ಸಾಕೆಟ್ಟು ಕಾಯುತ್ತಿರುತ್ತದೆ. ಹಳೆ ಪಿಂಗಾಣಿ ಫ್ಯೂಸಿನ ಮನೆಗಳಲ್ಲಂತೂ ಯಾರೋ ಯಾವಾಗಲೋ ದಪ್ಪ ತಂತಿ ಸುತ್ತಿಟ್ಟಿರುತ್ತಾರೆ. ಅದು ಹೋಗುವುದೇ ಇಲ್ಲ!

ಹಾಗಾದರೆ ಸಾಕೆಟ್ ಬದಲಾಯಿಸಿದರೆ ಆಯಿತಲ್ಲ? ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಗೋಡೆಯೊಳಗಿನ ಸಣ್ಣ ವೈರ್ ಹಾಗೇ ಬಿಟ್ಟು ಮೇಲೆ ದೊಡ್ಡ ಸಾಕೆಟ್ ಕೂಡಿಸಿದರೆ ಬಿಸಿ ಕಣ್ಣಿಗೆ ಕಾಣದ ಜಾಗಕ್ಕೆ ಹೋಯಿತು ಅಷ್ಟೇ. ಎಲೆಕ್ಟ್ರಿಷಿಯನ್ ಬಂದಾಗ ಹೀಗೆ ಕೇಳಿ: ಮೀಟರ್ ಬೋರ್ಡಿನಿಂದ ಬೇರೆ ಲೈನ್ ಎಳೆಯುತ್ತೀರಾ? ತಾಮ್ರದ ವೈರ್ ತಾನೆ, 2.5 ಚದರ ಮಿ.ಮೀ.ನದೋ 4ರದೋ? ಗೀಸರ್ ಇದ್ದರೆ 4 ಒಳ್ಳೆಯದು. ಆ ಲೈನಿಗೆ ಪ್ರತ್ಯೇಕ ಎಂಸಿಬಿ ಇರಲಿ. ಜೊತೆಗೆ ಶಾಕ್ ತಡೆಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ನಿಶ್ಚಿಂತೆ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಲೂ ನೋಡಿಕೊಳ್ಳಿ. ಒಂದೇ ಕಿಲೋವ್ಯಾಟ್ ಇದ್ದರೆ ಲೋಡ್ ಹೆಚ್ಚಿಸಲು ಜೆಸ್ಕಾಂಗೆ ಅರ್ಜಿ ಕೊಡಬೇಕಾಗುತ್ತದೆ, ಅದನ್ನು ಮಾಲಕರ ಜೊತೆ ಮಾತಾಡಿಯೇ ಮಾಡಬೇಕು.

ಮೂರನೇ ತೂತಿನ ಮಾತು. ಅದು ಅರ್ಥಿಂಗ್, ಅಲಂಕಾರಕ್ಕಲ್ಲ. ಹಳೆ ಮನೆಗಳಲ್ಲಿ ಎಷ್ಟೋ ಸಲ ಅದರ ಹಿಂದೆ ವೈರೇ ಇರುವುದಿಲ್ಲ. ಪಿನ್ ಹಿಡಿಸಲಿಲ್ಲ ಅಂತ ಮೇಲಿನ ದಪ್ಪ ಪಿನ್ ಮುರಿಯುವುದು, ಪ್ಲಗ್ಗೇ ಕತ್ತರಿಸಿ ವೈರಿಗೆ ಬೆಂಕಿಕಡ್ಡಿ ಸಿಗಿಸುವುದು, ಇವೆಲ್ಲ ಸಾವಿನ ಜೊತೆ ಸರಸ. ಗೀಸರ್ ಇರಲಿ, ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ಹೊರಬೀಳುವ ಕಬ್ಬಿಣದ ಕೂಲರ್ ಇರಲಿ, ನೀರೂ ಕಬ್ಬಿಣವೂ ಸೇರಿದ ಕಡೆ ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ಪರೀಕ್ಷೆ ಮಾಡಿಸಿ. ಅಂಗಳದಲ್ಲಿ ಅರ್ಥ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ನೆಲ ಒಣಗಿ ಅದು ಸರಿಯಾಗಿ ಕೆಲಸ ಕೊಡದಿರಬಹುದು. ಆಗಾಗ ಒಂದೆರಡು ಕೊಡ ನೀರು ಹಾಕಿ.

ಇನ್ನು ಜಾಗ. ಸಿಂಕಿನ ನಲ್ಲಿಗೂ ಗ್ಯಾಸ್ ಒಲೆಗೂ ದೂರ, ಕಟ್ಟೆಯಿಂದ ಒಂದು ಗೇಣು ಮೇಲೆ, ಸಿಲಿಂಡರ್ ಹಿಂದಂತೂ ಬೇಡ. ನಿಂತಲ್ಲಿಂದಲೇ, ಕುದಿಯುವ ಪಾತ್ರೆಯ ಮೇಲೆ ಕೈ ಚಾಚದೆ, ಸ್ವಿಚ್ ಆರಿಸಲು ಬರಬೇಕು.

ಮಾಲಕರನ್ನು ಒಪ್ಪಿಸುವುದೇ ಇದರಲ್ಲಿ ದೊಡ್ಡ ಕೆಲಸ. "ಗ್ವಾಡಿ ಒಡೀಬ್ಯಾಡ್ರಿ" ಅಂತ ಮೊದಲೇ ಅಡ್ಡಿ ಮಾಡುತ್ತಾರೆ. ಕಲ್ಲುಗೋಡೆ ಒಡೆಯುವುದೂ ಅಷ್ಟು ಸುಲಭವಲ್ಲ. ಗೋಡೆಯ ಮೇಲೆಯೇ ಪ್ಲಾಸ್ಟಿಕ್ ಪಟ್ಟಿಯೊಳಗೆ ವೈರ್ ತರಬಹುದು ಅಂತ ಹೇಳಿ. ಸುಟ್ಟ ಪ್ಲಗ್ ಎಸೆಯಬೇಡಿ, ತೋರಿಸಿ! ನೂರು ಮಾತಿಗಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ. ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದೋ, ಅರ್ಧರ್ಧವೋ, ಮೊದಲೇ ಮಾತಾಡಿ ರಸೀದಿ ಇಟ್ಟುಕೊಳ್ಳಿ. ಹೊಸ ಮನೆ ಹುಡುಕುತ್ತಿದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಅಡುಗೆಮನೆಯ ತೂತುಗಳನ್ನು ನೋಡಿ. ನಾವು ನಲ್ಲಿ ತಿರುಗಿಸಿ ನೀರು ನೋಡುತ್ತೇವೆ, ಇದನ್ನು ನೋಡುವುದಿಲ್ಲ.

ಲೈನ್ ಆಗುವವರೆಗೆ ಗ್ಯಾಸಿನ ಮೇಲೆಯೇ ಸಂಭಾಳಿಸಿ. ಕರೆಂಟ್ ಹೋದಾಗ ದೊಡ್ಡ ಸಾಮಾನಿನ ಸ್ವಿಚ್ ಆರಿಸಿಡಿ. ಮೀಟರಿನಲ್ಲೋ ಕಂಬದಲ್ಲೋ ಕಿಡಿ ಕಂಡರೆ ನೀವು ಕೈ ಹಾಕಬೇಡಿ, 1912ಕ್ಕೆ ಫೋನ್ ಮಾಡಿ.

ನಮ್ಮ ಮಾಲಕಿ ಆ ಕಂದು ಡಬ್ಬಿ ನೋಡಿದ ಮರುವಾರವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು, ಅರ್ಧ ಖರ್ಚು ತಾವೇ ಕೊಟ್ಟರು. ಮನೆ ಬಿಡುವಾಗ ಲೈನು, ಬೋರ್ಡು ಎಲ್ಲ ಅಲ್ಲೇ ಬಿಟ್ಟು ಬಂದೆವು. ಈಗ ಅಲ್ಲಿ ಅವರ ಸೊಸೆಯ ಇಂಡಕ್ಷನ್ ಒಲೆ ಇದೆಯಂತೆ.